ಅರ್ಧ ಮಾತು

ಹತ್ತರಿಂದ ಹಿಂದಕ್ಕೆ ಎಣಿಸು ಎಂದು
ನಾನು ಯಾರಿಗೂ ಹೇಳುವುದಿಲ್ಲ.
ಎಣಿಕೆ ಇಳಿದಷ್ಟೂ ಜನಕ್ಕೆ ಭಯ ಏರುತ್ತದೆ.
ಮಾತಾಡಿ ಅನ್ನುತ್ತೇನೆ, ಏನು ಬೇಕಾದರೂ.
ಮೊನ್ನೆ ಒಬ್ಬ ಮೇಷ್ಟ್ರು ಜಿಲ್ಲೆಗಳ ಹೆಸರು ಹಿಡಿದ,
ಬಡಗಣದಿಂದ ಹೊರಟವ ಮೂರನೆಯದು ದಾಟಲಿಲ್ಲ.

ಇವಳು ನ್ಯಾಮೋನೆ. ಮಲಾವಿ ಸರೋವರದ ದಡದಲ್ಲಿ
ಉಸಿಪಾ ಮೀನು ಒಣಗಿಸಿ ಮಾರುವವಳು.
ಹದಿನೈದು ದಿನದ ಜ್ವರ ಕರುಳಿಗೆ ತೂತು ಕೊರೆದಿದೆ,
ಹೊಟ್ಟೆ ಹಲಗೆಯಂತೆ ಬಿಗಿದಿದೆ.
ಉಗುರ ಸಂದಿಯಲ್ಲಿ ಇನ್ನೂ ಹುರುಪೆಯ ಬೆಳ್ಳಿ.

"ಬಟ್ಟಲಿಗೆ ಎಂಟುನೂರು," ಅಂದಳು,
"ಮಗಳಿಗೆ ಹೇಳು. ಸಂಜೆ ಹೊತ್ತಿಗೆ ಆರುನೂರಕ್ಕೂ ಬಿಡಲಿ.
ಆದರೆ ಆ ಎನಿಫಾ ಬಂದರೆ ಮಾತ್ರ..."
ನೀರಿನಂಥ ಮದ್ದು ತೋಳಿನಿಂದ ಹತ್ತಿಹೋಗಿತ್ತು.
ಕಣ್ಣು ತೆರೆದೇ ಇದ್ದವು. ನೋಟ ಇರಲಿಲ್ಲ.
ಎರಡನೆಯ ಮದ್ದಿಗೆ ಮೈಯೆಲ್ಲ ಒಮ್ಮೆ ಕಿರುನಡುಕ,
ಮ್ವೇರಾ ಗಾಳಿ ಬೀಸುವ ಮುಂಚೆ ನೀರಿನ ತೊಗಲು ನಡುಗುವ ಹಾಗೆ.
ಆಮೇಲೆ ಸ್ತಬ್ಧ.
ನಳಿಕೆ ಇಳಿಸಿ, ಚೀಲ ಅದುಮಿದೆ,
ಎದೆ ಎದ್ದಿತು. ಆ ಉಸಿರು ನನ್ನ ಅಂಗೈಯದು.

ನಿದ್ದೆ ಮದ್ದು ಎಂದೇ ಹೊರಗೆ ಬೆಂಚಿನಲ್ಲಿ ಕೂತವರಿಗೆ ಹೇಳುತ್ತೇನೆ.
ಬೇರೆ ಏನು ಹೇಳಲಿ?
ನಿದ್ದೆಯಲ್ಲಿ ಸೊಳ್ಳೆ ಕಡಿದರೆ ಕೈ ತಾನಾಗಿ ಏಳುತ್ತದೆ,
ಮಗು ಕುಸುಗುಟ್ಟಿದರೆ ತಾಯಿ ಹೊರಳುತ್ತಾಳೆ.
ಇಲ್ಲಿ ಲೊಂಗ್ವೆಯ ಕತ್ತಿ ಒಂದು ಗೇಣು ಇಳಿಯಿತು,
ಅವಳ ಹುಬ್ಬು ಗಂಟಿಕ್ಕಲಿಲ್ಲ.
ಅರಿವಳಿಕೆ ಎಂಬ ಹೆಸರಿನಲ್ಲೇ ಒಂದು ಅಳಿವಿದೆ,
ಅದು ನನಗೆ ಸರಿಹೋಗದು.
ಅಳಿದುಹೋದದ್ದನ್ನು ಯಾರಾದರೂ ಸಂಜೆಗೆ ಮರಳಿಸುತ್ತಾರೆಯೆ?
ಊರಿಗೆ ಹೊರಟವರು ಪಕ್ಕದ ಮನೆಗೆ ಬೀಗದ ಕೈ ಕೊಡುವುದುಂಟಲ್ಲ,
ಹಾಗೆ ಇಸಿದುಕೊಂಡಿದ್ದೇನೆ.

ನನ್ನ ಅಜ್ಜ ಮಿಷನ್ ಆಸ್ಪತ್ರೆಯಲ್ಲಿ ತೋಟದಾಳು.
ಯುದ್ಧದ ನಡುವೆ ಒಂದು ವರ್ಷ ಕ್ಲೋರೋಫಾರ್ಮ್ ಮುಗಿದು
ಹಡಗು ಬಾರದೆ ಹೋದಾಗ
ಗುದ್ದಲಿ ಕೆಳಗಿಡಿಸಿ ಅವನನ್ನು ಒಳಗೆ ಕರೆಯುತ್ತಿದ್ದರಂತೆ,
ಹಿಡಿದುಕೊಳ್ಳುವ ನಾಲ್ವರಲ್ಲಿ ಒಬ್ಬನಾಗಿ.
ಮುಂಗೈ ಮೇಲೆ ಯಾರದೋ ಹಲ್ಲಿನ ಅರ್ಧಚಂದ್ರ,
ಸಾಯುವವರೆಗೂ ಇತ್ತು.
ಯಾರು ಕಚ್ಚಿದ್ದು ಅಜ್ಜಾ ಅಂದರೆ
ಮಾತು ಬದಲಿಸುತ್ತಿದ್ದ, ಗೆಣಸಿನ ಪಾತಿಯ ಕಡೆಗೆ.

ಒಂದೂ ಕಾಲು ಗಂಟೆಗೆ ಕರೆಂಟು ಹೋಯಿತು.
ಆಮ್ಲಜನಕದ ಯಂತ್ರ ನಿಟ್ಟುಸಿರಿಟ್ಟು ಸುಮ್ಮನಾಯಿತು.
ಜನರೇಟರಿನ ಹುಡುಗ ಊಟಕ್ಕೆ ಹೋಗಿದ್ದಾನೆ, ಎಂದರು ಯಾರೋ.
ನರ್ಸ್ ಸೆಕಾನಿ ಹಲ್ಲಲ್ಲಿ ಟಾರ್ಚು ಕಚ್ಚಿ ಹೊಟ್ಟೆಗೆ ಬೆಳಕು ಹಿಡಿದಳು.
ನಾನಿದ್ದ ತಲೆದೆಸೆಗೆ ಕತ್ತಲೆಯೇ ಪಾಲು.
ಸಿಲಿಂಡರು ತಡಕಿ ತಿರುಗಿಸಿದೆ.
ಎಡಗೈ ಅವಳ ಕಪೋಲದ ನಾಡಿಯ ಮೇಲೆ,
ಬಲಗೈ ಚೀಲದ ಮೇಲೆ.
ಅದುಮು, ಬಿಡು. ಅದುಮು.
ನನ್ನದೇ ಉಸಿರು ಯಾವಾಗಲೋ ಅದರ ಜೊತೆ ಹೆಜ್ಜೆ ಹಾಕತೊಡಗಿತ್ತು.
ಸೀನು ಬಂತು, ನುಂಗಿಕೊಂಡೆ.
ಎಷ್ಟು ಹೊತ್ತೋ. ದಾಖಲೆಯಲ್ಲಿ
ಇಪ್ಪತ್ತೆರಡು ನಿಮಿಷ ಎಂದು ಬರೆದಿದ್ದೇನೆ, ಅಂದಾಜು.

ಆ ಕತ್ತಲಲ್ಲಿ, ಹೇಳಲು ನಾಚಿಕೆ,
ಯೋಚಿಸುತ್ತಿದ್ದದ್ದು ಎನಿಫಾಳ ಬಗ್ಗೆ.
ಅವಳು ಬಂದರೆ ಏನು? ಸಾಲ ಕೊಡಬಾರದೆ? ಬಟ್ಟಲು ಮುಟ್ಟಿಸಬಾರದೆ?
ಆ ಮಾತಿನ ಬಾಲ ಎಲ್ಲಿ ತೂಗುತ್ತಿದೆ ಈಗ,
ನನ್ನ ಕೈಯ ಈ ರಬ್ಬರಿನಲ್ಲೋ?

ದೀಪ ಬಂತು. ಹೊಲಿಗೆ ಮುಗಿಯಿತು.
ಕೆಮ್ಮಿದಳು. ನಳಿಕೆ ತೆಗೆದೆ.
ಗಾಳಿಯನ್ನು ತಾನೇ ಎಳೆದುಕೊಂಡಳು, ಒರಟಾಗಿ,
ಬಲೆ ಎಳೆಯುವವರ ಹಾಗೆ.
ತುಟಿ ಒಣಗಿತ್ತು, ನಾಲಿಗೆ ತೊದಲುತ್ತಿತ್ತು:
"...ಎರಡೂ ಕೈಯಿಂದ ದುಡ್ಡು ಎಣಿಸಿಕೊಳ್ಳಲಿ. ಹರಿದ ನೋಟು ದಾಟಿಸುತ್ತಾಳೆ ಅವಳು."
ಮತ್ತೆ ನನ್ನ ಕಡೆ ತಿರುಗಿ, ಸ್ವಲ್ಪ ಸಿಟ್ಟಿನಿಂದ,
"ಇನ್ನೂ ಶುರು ಮಾಡಲಿಲ್ಲವೇನು ನೀವು?"

ಹೊರಗೆ ಮಗಳು ಲೊಂಗ್ವೆಯ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಳು.
ನಾನು ಪಕ್ಕದಿಂದ ಹಾದು, ಚೀಲ ತೊಳೆಯಲು ಹೋದೆ.
ನೋಟಿನ ಸುದ್ದಿ ಆಮೇಲೆ ಮುಟ್ಟಿಸಿದೆ.

ಮೇಜಿನ ಮೇಲೆ ಈಗ ಮಾವಿನಮರದಿಂದ ಬಿದ್ದ ಹುಡುಗ,
ಮೊಣಕೈ ಹಿಂದುಮುಂದಾಗಿದೆ.
ತುಟಿ ಬಿಗಿದು ಕೂತಿದ್ದಾನೆ, ಹೆಸರೂ ಹೇಳುತ್ತಿಲ್ಲ.
ಏನಾದರೂ ಹೇಳು ಮರಿ, ಅನ್ನುತ್ತೇನೆ,
ಹಣ್ಣು ಸಿಕ್ಕಿತ್ತೋ ಇಲ್ಲವೋ, ಅದನ್ನಾದರೂ.
ಅರ್ಧಕ್ಕೆ ನಿಂತರೂ ಪರವಾಗಿಲ್ಲ.